ಜಾನ್ ವೆಸ್ಲಿಯವರ ನಂಬಿಕೆಯೂ ಕ್ರಿಯೆಗಳೂ

ರಕ್ಷಣೆಯು ನಂಬಿಕೆಯಿಂದಲೋ ಸತ್ಕ್ರಿಯೆಗಳಿಂದಲೋ ಎಂಬ ಪ್ರಶ್ನೆಯು ಕ್ರೈಸ್ತ ಸಭೆಯಷ್ಟೇ ಹಳೆಯದು. ದೇವರು ಮನುಷ್ಯನನ್ನು ನೀತಿವಂತನೆಂದು ಎಣಿಸುವುದು ಅವನ ನೇಮನಿಷ್ಠೆಗಳನ್ನು ನೋಡಿ ಅಲ್ಲ, ನಂಬಿಕೆಯನ್ನು ನೋಡಿಯೇ ಎಂದು ಪೌಲನು ರೋಮಾಪುರದವರಿಗೂ ಗಲಾತ್ಯದವರಿಗೂ ಬರೆದು ತಿಳಿಸಿದನು. ಹಸಿದವನಿಗೆ ಅನ್ನವನ್ನೂ ಬಟ್ಟೆಯಿಲ್ಲದವನಿಗೆ ಬಟ್ಟೆಯನ್ನೂ ಕೊಡದ ನಂಬಿಕೆಗೆ ಜೀವವೇ ಇಲ್ಲವೆಂದು ಯಾಕೋಬನು ಎಚ್ಚರಿಸಿದನು. ಶಾಲೆಯಲ್ಲಿ ಸತ್ಯವೇದದ ಪಾಠವಾಗುವಾಗ ಈ ಪತ್ರಿಕೆಗಳನ್ನು ಒಂದರ ಮಗ್ಗುಲಲ್ಲಿ ಒಂದಿಟ್ಟು ಓದಿದ ಹುಡುಗಿಯರಲ್ಲಿ ಗೊಂದಲಕ್ಕೆ ಒಳಗಾಗದವರು ವಿರಳ. ಆ ಗೊಂದಲವನ್ನು ಪುಸ್ತಕದಲ್ಲಿ ಮಾತ್ರವಲ್ಲದೆ ತಮ್ಮ ಸ್ವಂತ ಜೀವನದಲ್ಲಿಯೇ ಅನುಭವಿಸಿ, ಎರಡು ಕಡೆಯವರಿಂದಲೂ ನಿಂದೆಯನ್ನು ಹೊತ್ತ ಒಬ್ಬ ಮಹನೀಯರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಲಾಗುವುದು. ಅವರೇ ಜಾನ್ ವೆಸ್ಲಿಯವರು. ನಮ್ಮ ಕನ್ನಡ ನಾಡಿನಲ್ಲಿ ಬೆಂಗಳೂರು, ಮೈಸೂರು, ತುಮಕೂರು, ಹಾಸನ ಮುಂತಾದ ಸ್ಥಳಗಳಲ್ಲಿ ಶಾಲೆಗಳನ್ನೂ ಆಸ್ಪತ್ರೆಗಳನ್ನೂ ನಡೆಸಿದ ವೆಸ್ಲಿಯನ್ ಮಿಷನ್ನಿಗೆ ಇವರ ಹೆಸರೇ ಹೆಸರಾಗಿತ್ತು. ಆ ಮಿಷನ್ನಿನ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಐಕ್ಯವಾದವು.

ವೆಸ್ಲಿಯವರು 1703ನೆಯ ಇಸವಿ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಲಿಂಕನ್‌ಷೈರಿನ ಎಪ್‌ವರ್ತ್ ಎಂಬ ಊರಿನಲ್ಲಿ ಜನಿಸಿದರು. ತಂದೆಯವರಾದ ಸ್ಯಾಮ್ಯುಯೆಲ್ ವೆಸ್ಲಿಯವರು ಆ ಊರಿನ ಸಭಾಪಾಲಕರು. ವಿದ್ವಾಂಸರಾದರೂ ಸಾಲದ ಬಾಧೆಯಿಂದ ಎಂದೂ ಬಿಡುಗಡೆ ಹೊಂದದವರು. ತಾಯಿಯವರಾದ ಸುಸಾನ್ನಮ್ಮನವರು ಹಡೆದ ಮಕ್ಕಳು ಹತ್ತೊಂಬತ್ತು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಶೈಶವದಲ್ಲಿಯೇ ತೀರಿಹೋದರು. ಉಳಿದವರಿಗೆ ಆ ತಾಯಿಯೇ ಉಪಾಧ್ಯಾಯಿನಿ. ಮಗುವಿಗೆ ಐದು ವರ್ಷ ತುಂಬಿದ ಮಾರನೆಯ ದಿವಸ ಪಾಠ ಆರಂಭ; ಆ ಒಂದೇ ದಿನದಲ್ಲಿ ಅಕ್ಷರಮಾಲೆ ಮುಗಿಯಬೇಕು; ಬಳಿಕ ಆದಿಕಾಂಡದ ಮೊದಲನೆಯ ವಚನದಿಂದ ಓದಲು ತೊಡಗಬೇಕು. ಈ ಗ್ರಂಥವನ್ನು ಓದುವ ತಾಯಂದಿರು ವಿಶೇಷವಾಗಿ ಗಮನಿಸತಕ್ಕ ಮತ್ತೊಂದು ನಿಯಮವೂ ಆ ಮನೆಯಲ್ಲಿತ್ತು. ಹೆಣ್ಣುಮಗುವು ಚೆನ್ನಾಗಿ ಓದಲು ಕಲಿಯುವ ತನಕ ಅವಳನ್ನು ಹೊಲಿಗೆ ಮುಂತಾದ ಕೆಲಸಕ್ಕೆ ಕೂರಿಸಬಾರದೆಂಬುದೇ ಅದು. ಹೆಣ್ಣುಮಕ್ಕಳಿಗೆ ಸೂಜಿಯೇ ಸಾಕು, ಪುಸ್ತಕವೇಕೆ ಎಂದು ಇಂಗ್ಲೆಂಡಿನಲ್ಲಿಯೂ ಬಹುಮಂದಿ ಎಣಿಸಿದ್ದ ಕಾಲದಲ್ಲಿ ಒಬ್ಬ ಬಡ ಪಾದ್ರಿಯ ಹೆಂಡತಿಯು ಹೀಗೆ ಗೊತ್ತುಮಾಡಿದ್ದಳೆಂಬುದು ಸಣ್ಣ ಸಂಗತಿಯಲ್ಲ.

1709ರ ಫೆಬ್ರವರಿಯಲ್ಲಿ ರಾತ್ರಿಯ ಹೊತ್ತು ಆ ಮನೆಗೆ ಬೆಂಕಿ ಬಿದ್ದಿತು. ಮಕ್ಕಳೆಲ್ಲರೂ ಹೊರಗೆ ಬಂದರು. ಐದು ವರ್ಷದ ಜಾನನು ಮಾತ್ರ ಮೇಲಿನ ಕೋಣೆಯಲ್ಲಿ ಉಳಿದನು. ಏಣಿ ತರಲು ಸಮಯವಿಲ್ಲದ್ದರಿಂದ ಒಬ್ಬನ ಹೆಗಲ ಮೇಲೆ ಇನ್ನೊಬ್ಬನು ನಿಂತು ಕಿಟಕಿಯಿಂದ ಬಾಲಕನನ್ನು ಎಳೆದುಕೊಂಡನು. ಅಷ್ಟರಲ್ಲಿಯೇ ಮಾಳಿಗೆಯು ಕುಸಿದುಬಿದ್ದಿತು. ಇಷ್ಟು ಕರುಣೆಯಿಂದ ಉಳಿಸಲ್ಪಟ್ಟ ಮಗುವಿನ ಆತ್ಮದ ವಿಷಯದಲ್ಲಿ ತಾನು ಇನ್ನೂ ಹೆಚ್ಚಾಗಿ ಎಚ್ಚರವಹಿಸಬೇಕೆಂದು ತಾಯಿಯು ಸಂಕಲ್ಪಿಸಿದಳು. ವಾರದಲ್ಲಿ ಒಂದೊಂದು ಸಂಜೆ ಒಂದೊಂದು ಮಗುವಿನೊಡನೆ ಪ್ರತ್ಯೇಕವಾಗಿ ಕುಳಿತು ಮಾತನಾಡುವುದು ಆಕೆಯ ಪದ್ಧತಿ. ಜಾನನ ಪಾಲಿಗೆ ಬಂದದ್ದು ಗುರುವಾರ. ದೊಡ್ಡವರಾಗಿ ಆಕ್ಸ್‌ಫರ್ಡಿನಲ್ಲಿ ಅಧ್ಯಾಪಕರಾದ ಮೇಲೂ ಅವರು ಆ ಗುರುವಾರಗಳನ್ನು ಮರೆಯಲಿಲ್ಲ.

ಆಕ್ಸ್‌ಫರ್ಡಿನ ಕಾಲವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಏಕೆಂದರೆ ನಮ್ಮ ಪ್ರಶ್ನೆಯ ಬೇರು ಅಲ್ಲಿದೆ. 1725ರಲ್ಲಿ ಡೀಕನರಾಗಿಯೂ 1728ರಲ್ಲಿ ಪಾದ್ರಿಗಳಾಗಿಯೂ ಅವರಿಗೆ ಅಭಿಷೇಕವಾಯಿತು. ನಡುವೆ 1726ರಲ್ಲಿ ಲಿಂಕನ್ ಕಾಲೇಜಿನ ಫೆಲೋ ಆದರು. 1729ರಿಂದ ತಮ್ಮ ತಮ್ಮನಾದ ಚಾರ್ಲ್ಸರೊಡನೆಯೂ ಕೆಲವು ಸ್ನೇಹಿತರೊಡನೆಯೂ ಒಂದು ಚಿಕ್ಕ ಸಂಘವನ್ನು ನಡೆಸಿದರು. ಹೊತ್ತಿಗೆ ಸರಿಯಾಗಿ ಏಳುವುದು, ಉಪವಾಸ, ಪ್ರಾರ್ಥನೆ, ವಾರವಾರವೂ ಕರ್ತನ ಭೋಜನ, ಸೆರೆಮನೆಯ ದರ್ಶನ, ಬಡಮಕ್ಕಳಿಗೆ ಪಾಠ, ಹೀಗೆ ಎಲ್ಲದಕ್ಕೂ ಗೊತ್ತಾದ ಕ್ರಮವಿತ್ತು. ಕ್ರಮ ತಪ್ಪದ ಈ ಯುವಕರನ್ನು ಸಹವಿದ್ಯಾರ್ಥಿಗಳು ಹಾಸ್ಯವಾಗಿ ಮೆಥೊಡಿಸ್ಟರೆಂದು ಕರೆದರು. ಹಾಸ್ಯದ ಹೆಸರೇ ಮುಂದೆ ಒಂದು ದೊಡ್ಡ ಸಭೆಯ ಹೆಸರಾಯಿತು. ಆಗ ಅಲ್ಲಿದ್ದ ಯುವಕನೊಬ್ಬನಿಗೆ ಮೊದಲನೆಯ ವರ್ಷ 30 ಪೌಂಡು ವರಮಾನ ಬರುತ್ತಿತ್ತೆಂದೂ, ಅವನು 28ರಲ್ಲಿ ಜೀವಿಸಿ ಎರಡನ್ನು ಬಡವರಿಗೆ ಕೊಟ್ಟನೆಂದೂ, ವರಮಾನವು 60, 90, 120 ಎಂದು ವರ್ಷವರ್ಷವೂ ಏರಿದರೂ 28ರಲ್ಲಿಯೇ ಜೀವಿಸಿ ಮಿಕ್ಕದ್ದನ್ನೆಲ್ಲ ಕೊಟ್ಟುಬಿಟ್ಟನೆಂದೂ ಅವರು ಮುಪ್ಪಿನಲ್ಲಿ ಒಂದು ಪ್ರಸಂಗದಲ್ಲಿ ಹೇಳಿದರು. ಆ ಯುವಕನು ಅವರೇ ಎಂದು ಚರಿತ್ರಕಾರರು ಸಾಮಾನ್ಯವಾಗಿ ಒಪ್ಪಿರುವರು.

ಆ ದಿನಗಳ ಒಂದು ಸಂಗತಿಯು ಅವರ ಮನಸ್ಸನ್ನು ಕಡೆಯವರೆಗೂ ಚುಚ್ಚುತ್ತಿತ್ತು. ಚಳಿಗಾಲದ ಒಂದು ದಿನ, ಅವರ ಸಂಘದವರು ವೆಚ್ಚಕೊಟ್ಟು ಓದಿಸುತ್ತಿದ್ದ ಹುಡುಗಿಯೊಬ್ಬಳು ಅವರ ಕೋಣೆಗೆ ಬಂದಳು. ಅವಳ ಮೈಮೇಲೆ ಇದ್ದದ್ದು ತೆಳುವಾದ ನಾರುಬಟ್ಟೆಯ ಅಂಗಿ ಒಂದೇ; ಬೇರೆ ಹೊದಿಕೆಯಿಲ್ಲ. ಅವರು ಜೇಬಿಗೆ ಕೈಹಾಕಿದರೆ ಹಣ ಉಳಿದಿರಲಿಲ್ಲ. ಕೋಣೆಯ ಗೋಡೆಗಳ ಅಲಂಕಾರಕ್ಕಾಗಿ ಆಗತಾನೇ ವೆಚ್ಚಮಾಡಿದ್ದರು. ಈ ಬಡ ಹುಡುಗಿಯನ್ನು ಚಳಿಯಿಂದ ಕಾಯಬಹುದಾಗಿದ್ದ ಹಣವು ಗೋಡೆಗೆ ಹೋಯಿತಲ್ಲಾ, ಒಡೆಯನಾದ ದೇವರಿಗೆ ನಾನು ಏನು ಲೆಕ್ಕ ಒಪ್ಪಿಸಲಿ ಎಂದು ಅವರು ತತ್ತರಿಸಿದರು. ಎಷ್ಟೋ ವರ್ಷಗಳ ಮೇಲೆ ಉಡುಪಿನ ವಿಷಯವಾಗಿ ಪ್ರಸಂಗಿಸುವಾಗಲೂ ಈ ಹುಡುಗಿಯ ಕಥೆಯನ್ನು ತಮ್ಮ ಮೇಲಣ ದೂರಾಗಿಯೇ ಹೇಳಿಕೊಂಡರು.

ಇಂಥವರಿಗೆ ಇನ್ನು ಯಾವ ಕೊರತೆಯಿತ್ತೆಂದು ವಾಚಕರು ಕೇಳಬಹುದು. ಕೊರತೆಯನ್ನು ಅವರೇ ಬಾಯಿಬಿಟ್ಟು ಹೇಳಿದರು. 1735ರಲ್ಲಿ ಅಮೆರಿಕಾ ಖಂಡದ ಜಾರ್ಜಿಯಾ ಎಂಬ ಹೊಸ ವಸಾಹತಿಗೆ ಬೋಧಕರಾಗಿ ಹೊರಟಾಗ, ತಾವು ಹೋಗುವುದರ ಮುಖ್ಯ ಉದ್ದೇಶವು ತಮ್ಮ ಸ್ವಂತ ಆತ್ಮದ ರಕ್ಷಣೆಯೇ ಎಂದು ಒಬ್ಬ ಮಿತ್ರರಿಗೆ ಬರೆದರು. ಇದು ಪ್ರಾಮಾಣಿಕವಾದ ಮಾತು. ಆದರೆ ಇದನ್ನು ನಿಧಾನಿಸಿ ನೋಡಿದರೆ, ಸೆರೆಮನೆಯ ಕೈದಿಯೂ ಚಳಿಯಲ್ಲಿ ನಡುಗಿದ ಹುಡುಗಿಯೂ ಸಮುದ್ರದಾಚೆಯ ಮೂಲನಿವಾಸಿಯೂ ಅವರ ಪಾಲಿಗೆ ಮೋಕ್ಷದ ಮೆಟ್ಟಲುಗಳಾಗಿದ್ದರೆಂದು ತೋರುತ್ತದೆ. ದಾನವು ದೊಡ್ಡದೇ, ಆದರೆ ದಾನಿಯ ಕಣ್ಣು ದಾನಹೊಂದುವವನ ಮೇಲೆ ಇರಲಿಲ್ಲ, ತನ್ನ ಲೆಕ್ಕದ ಪುಸ್ತಕದ ಮೇಲೆ ಇತ್ತು.

ಹಡಗಿನಲ್ಲಿ ಮೊರೇವಿಯನ್ ಸಭೆಗೆ ಸೇರಿದ 26 ಮಂದಿ ಜರ್ಮನರಿದ್ದರು. 1736ರ ಜನವರಿಯಲ್ಲಿ ಬಿರುಗಾಳಿಯೆದ್ದು ಪಟವು ಹರಿದು ನೀರು ಒಳನುಗ್ಗಿದಾಗ ಇಂಗ್ಲಿಷರು ಕಿರಿಚಿಕೊಂಡರು. ಆ ಜರ್ಮನರು ತಮ್ಮ ಕೀರ್ತನೆಯನ್ನು ನಿಲ್ಲಿಸಲೇ ಇಲ್ಲ. ಅವರ ಹೆಂಗಸರೂ ಮಕ್ಕಳೂ ಸಾಯಲು ಹೆದರುವುದಿಲ್ಲವೆಂದು ಕೇಳಿ ವೆಸ್ಲಿಯವರು ತಮ್ಮೊಳಗೆ ನೋಡಿಕೊಂಡರು. ಅಲ್ಲಿ ಭಯವೇ ಇತ್ತು. ಜಾರ್ಜಿಯಾದ ಕೆಲಸವು ಕೆಟ್ಟಿತು. ತಾವು ಮದುವೆಯಾಗಲು ಮನಸ್ಸಿಟ್ಟಿದ್ದ ಸೋಫಿಯಾ ಹಾಪ್‌ಕಿ ಎಂಬ ಯುವತಿಯು ಬೇರೊಬ್ಬನನ್ನು ವರಿಸಿದ ತರುವಾಯ ಅವಳಿಗೆ ಕರ್ತನ ಭೋಜನವನ್ನು ನಿರಾಕರಿಸಿದರು. ಅದರಲ್ಲಿ ಸಭೆಯ ಶಿಸ್ತು ಎಷ್ಟು, ನೊಂದ ಮನಸ್ಸು ಎಷ್ಟು ಎಂದು ಅಳೆಯುವುದು ಕಷ್ಟ. ಮೊಕದ್ದಮೆಯಾಯಿತು, 1737ರ ಡಿಸೆಂಬರಿನಲ್ಲಿ ಅವರು ಅಲ್ಲಿಂದ ಹೊರಟುಬಂದರು. ಅನ್ಯರನ್ನು ತಿರುಗಿಸಲು ಹೋದ ತಾನೇ ದೇವರ ಕಡೆಗೆ ತಿರುಗಿದವನಲ್ಲವೆಂಬ ದುಃಖವು ಅವರ ದಿನಚರಿಯಲ್ಲಿ ಕಾಣುತ್ತದೆ.

1738ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಪೀಟರ್ ಬೋಲರ್ ಎಂಬ ಮೊರೇವಿಯನ್ ಬೋಧಕನ ಪರಿಚಯವಾಯಿತು. ಬೋಲರನಿಗೆ 25 ವರ್ಷ, ವೆಸ್ಲಿಯವರಿಗೆ 34. ಆ ಯುವಕನು ಈ ವಿದ್ವಾಂಸರಿಗೆ ಹೇಳಿದ್ದು ಇಷ್ಟೇ: ರಕ್ಷಿಸುವ ನಂಬಿಕೆಯೆಂದರೆ ಸಿದ್ಧಾಂತಕ್ಕೆ ತಲೆದೂಗುವುದಲ್ಲ, ಕ್ರಿಸ್ತನು ನನಗೋಸ್ಕರವೇ ಸತ್ತನೆಂಬ ಭರವಸೆ, ಅದು ದೇವರ ವರ, ಕೂಡಿಟ್ಟ ಪುಣ್ಯಕ್ಕೆ ಬರುವ ಬಡ್ಡಿಯಲ್ಲ. ತನ್ನಲ್ಲಿ ಇಂಥ ನಂಬಿಕೆಯಿಲ್ಲವಾದ್ದರಿಂದ ಪ್ರಸಂಗವನ್ನು ಬಿಟ್ಟುಬಿಡಲೇ ಎಂದು ವೆಸ್ಲಿಯವರು ಕೇಳಿದಾಗ, ಅದು ದೊರೆಯುವ ತನಕ ಅದನ್ನು ಸಾರಿರಿ, ದೊರೆತ ಮೇಲೆ ದೊರೆತದ್ದರಿಂದಲೇ ಸಾರುವಿರಿ ಎಂಬ ಅರ್ಥದಲ್ಲಿ ಅವನು ಬುದ್ಧಿಹೇಳಿದನು.

ಈ ಹೊಸ ಬೋಧನೆಯನ್ನು ಅವರು ಮೊದಲು ಸಾರಿದ್ದು ಯಾರಿಗೆಂದರೆ, ಸೆರೆಮನೆಯಲ್ಲಿ ಮರಣದಂಡನೆಗೆ ಕಾದಿದ್ದ ಒಬ್ಬ ಕೈದಿಗೆ. ನನ್ನ ದೃಷ್ಟಿಯಲ್ಲಿ ಅವರ ಚರಿತ್ರೆಯ ತಿರುವು ಇಲ್ಲಿಯೇ ಇದೆ. ಇಂಥ ಕೈದಿಯೊಡನೆ ಮಾತನಾಡಬೇಕೆಂದು ಬೋಲರನು ಹಲವು ಸಲ ಬೇಡಿದ್ದರೂ ಅವರಿಗೆ ಮನಸ್ಸು ಬಂದಿರಲಿಲ್ಲ. ಮರಣದ ಹೊಸ್ತಿಲಲ್ಲಿ ಮಾಡುವ ಪಶ್ಚಾತ್ತಾಪದಿಂದ ಏನೂ ಆಗದೆಂದು ಅವರು ಬಹುಕಾಲ ವಾದಿಸಿದ್ದವರು. ಕ್ರಿಯೆಗಳಿಂದಲೇ ರಕ್ಷಣೆಯಾದರೆ ಆ ವಾದವು ಸರಿಯೇ. ನೇಣಿಗೆ ಹೋಗುವವನಿಗೆ ಉಪವಾಸಮಾಡಲು ದಿನವೆಲ್ಲಿ? ದಾನಮಾಡಲು ಹಣವೆಲ್ಲಿ? ಕದ್ದದ್ದನ್ನು ಹಿಂದಕ್ಕೆ ಕೊಡಲು ಕೈಯೆಲ್ಲಿ? ಅವನಿಗೆ ಹೇಳತಕ್ಕ ಸುವಾರ್ತೆ ಒಂದಿದ್ದರೆ ಅದು ಕೇವಲ ಕೃಪೆಯ ಸುವಾರ್ತೆಯಾಗಿರಲೇಬೇಕು. ಮಾರ್ಚ್ ತಿಂಗಳ ಕಡೆಯಲ್ಲಿ ಆಕ್ಸ್‌ಫರ್ಡಿನ ಸೆರೆಮನೆಯಲ್ಲಿ ಅಂಥವನೊಬ್ಬನೊಡನೆ ಅವರು ಮೊಣಕಾಲೂರಿ ಪ್ರಾರ್ಥಿಸಿದರು. ಮೊದಲು ಕಳವಳದಿಂದಿದ್ದ ಆ ಮನುಷ್ಯನು ಎದ್ದು, ತಾನು ಈಗ ಸಾಯಲು ಸಿದ್ಧನೆಂದೂ ತನ್ನ ಪಾಪಗಳು ಕ್ಷಮಿಸಲ್ಪಟ್ಟವೆಂದೂ ಹೇಳಿದನು. ಹದಿಮೂರು ವರ್ಷ ದುಡಿದ ಪಾದ್ರಿಗಳಿಗೆ ಇಲ್ಲದ ಸಮಾಧಾನವು ಗಲ್ಲಿನ ಕೈದಿಗೆ ದೊರೆತದ್ದನ್ನು ಅವರು ಕಣ್ಣಾರೆ ಕಂಡರು.

1738ನೆಯ ಮೇ 24ನೆಯ ತಾರೀಖು ಸಂಜೆ, ಮನಸ್ಸಿಲ್ಲದ ಮನಸ್ಸಿನಿಂದ ಅವರು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಹೋದರು. ಅಲ್ಲಿ ಒಬ್ಬರು ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರನು ಬರೆದ ಪೀಠಿಕೆಯನ್ನು ಓದುತ್ತಿದ್ದರು. ಎಂಟು ಮುಕ್ಕಾಲು ಗಂಟೆಯ ಸುಮಾರಿಗೆ, ನಂಬಿಕೆಯ ಮೂಲಕ ದೇವರು ಹೃದಯದಲ್ಲಿ ಮಾಡುವ ಮಾರ್ಪಾಟಿನ ವಿವರಣೆಯನ್ನು ಕೇಳುತ್ತಿರುವಾಗ, ತಮ್ಮ ಹೃದಯವು ವಿಚಿತ್ರವಾಗಿ ಬೆಚ್ಚಗಾಯಿತೆಂದೂ, ಕ್ರಿಸ್ತನಲ್ಲಿ ಮಾತ್ರವೇ ತಮಗೆ ಭರವಸೆ ಹುಟ್ಟಿತೆಂದೂ ಅವರು ಬರೆದಿಟ್ಟರು. ಮೂರು ದಿನಗಳ ಮುಂಚೆ ಚಾರ್ಲ್ಸರಿಗೂ ಇಂಥದೇ ಅನುಭವವಾಗಿತ್ತು. ಈ ಸಂಜೆಯನ್ನು ಕುರಿತು ಉತ್ಸಾಹದಿಂದ ಬರೆಯುವವರು ಅನಂತರದ ಸಂಗತಿಯನ್ನು ಮರೆಮಾಡುವುದುಂಟು. ಸಂಶಯಗಳು ಮರಳಿ ಬಂದವು. 1739ರ ಜನವರಿಯಲ್ಲಿ ಅವರು ತಮ್ಮನ್ನು ಇನ್ನೂ ಕ್ರೈಸ್ತನಲ್ಲವೆಂದು ಬರೆದುಕೊಂಡರು. ಎಷ್ಟೋ ವರ್ಷಗಳ ಬಳಿಕ ದಿನಚರಿಯನ್ನು ಮರುಮುದ್ರಣಕ್ಕೆ ತಿದ್ದುವಾಗ, ಜಾರ್ಜಿಯಾದ ಕಾಲದಲ್ಲಿ ತಮಗೆ ನಂಬಿಕೆಯೇ ಇರಲಿಲ್ಲವೆಂದು ಬರೆದಿದ್ದ ಕಡೆಯಲ್ಲಿ ಒಂದು ಟಿಪ್ಪಣಿಯನ್ನು ಸೇರಿಸಿದರು: ಆಗಲೂ ಸೇವಕನ ನಂಬಿಕೆಯಿತ್ತು, ಮಗನ ನಂಬಿಕೆಯಿರಲಿಲ್ಲ ಎಂದು ಅದರ ತಾತ್ಪರ್ಯ. ಮನೆಯ ಆಳೂ ಮನೆಯ ಮಗನೂ ಬೆಳಗ್ಗೆ ಎದ್ದು ಮಾಡುವುದು ಒಂದೇ ಕೆಲಸವಾಗಿರಬಹುದು. ಒಬ್ಬನು ಕೂಲಿಗೂ ಗದರಿಕೆಗೂ ಮಾಡುವನು, ಇನ್ನೊಬ್ಬನು ಮನೆ ತನ್ನದೆಂದು ಮಾಡುವನು.

ಮಗನಾದವನು ಕೆಲಸವನ್ನು ಬಿಡಲಿಲ್ಲ. 1739ರ ಏಪ್ರಿಲ್ 2ರಂದು, ಸ್ನೇಹಿತರಾದ ಜಾರ್ಜ್ ವಿಟ್‌ಫೀಲ್ಡರ ಕರೆಯಂತೆ, ಬ್ರಿಸ್ಟಲ್ಲಿನ ಹೊರಗೆ ಬಯಲಿನಲ್ಲಿ ನಿಂತು ಸುಮಾರು 3000 ಮಂದಿಗೆ ಸುವಾರ್ತೆಯನ್ನು ಸಾರಿದರು. ದೇವಾಲಯದ ಹೊರಗೆ ಪ್ರಸಂಗಮಾಡುವುದು ಅವರಿಗೆ ಮೊದಲು ನಾಚಿಕೆಗೇಡೆಂದು ತೋರಿತ್ತು. ಹತ್ತಿರದ ಕಿಂಗ್ಸ್‌ವುಡ್ಡಿನ ಕಲ್ಲಿದ್ದಲ ಗಣಿಯ ಕೂಲಿಗಳ ಮಕ್ಕಳಿಗೆ ಶಾಲೆ ಏರ್ಪಟ್ಟಿತು. ಲಂಡನ್ನಿನಲ್ಲಿ ಫಿರಂಗಿಗಳನ್ನು ಎರಕ ಹೊಯ್ಯುತ್ತಿದ್ದ ಫೌಂಡರಿ ಎಂಬ ಹಾಳು ಕಟ್ಟಡವು ಪ್ರಾರ್ಥನಾಮಂದಿರವಾಯಿತು.

ಮೊದಲನೆಯ ಪರೀಕ್ಷೆಯು ಅವರಿಗೆ ನಂಬಿಕೆಯನ್ನು ಕಲಿಸಿದವರಿಂದಲೇ ಬಂದಿತು. ಲಂಡನ್ನಿನ ಫೆಟರ್ ಲೇನಿನ ಸಂಘದಲ್ಲಿ ಮೊಲ್ಟರ್ ಎಂಬ ಮೊರೇವಿಯನ್ ಬೋಧಕನು, ಸಂಶಯವಿಲ್ಲದ ಪೂರ್ಣ ನಂಬಿಕೆಯು ದೊರೆಯುವ ತನಕ ಮನುಷ್ಯನು ಸುಮ್ಮನಿರಬೇಕೆಂದು ಬೋಧಿಸಿದನು: ಪ್ರಾರ್ಥಿಸಬಾರದು, ಸತ್ಯವೇದವನ್ನು ಓದಬಾರದು, ಕರ್ತನ ಭೋಜನಕ್ಕೆ ಬರಬಾರದು, ಉಪಕಾರಮಾಡಲು ಹೋಗಬಾರದು, ಅವೆಲ್ಲವೂ ಸ್ವಂತ ಕ್ರಿಯೆಗಳನ್ನು ನಂಬಿದಂತಾಗುವುದು. ಕೃಪೆಯ ಬೋಧನೆಯು ಹೀಗೆ ಸೋಮಾರಿತನಕ್ಕೆ ತಿರುಗಿತು. ಕೃಪೆಯು ಸಿಗುವ ದಾರಿಯಲ್ಲಿ ಕಾದುನಿಲ್ಲುವುದು ಕೃಪೆಯನ್ನು ಕೊಂಡಂತಾಗದೆಂದು ವೆಸ್ಲಿಯವರು ಬಹುವಾಗಿ ಹೇಳಿನೋಡಿದರು, ಫಲಿಸಲಿಲ್ಲ. 1740ರ ಜುಲೈ 20ರಂದು ತಮ್ಮ ಭಿನ್ನಾಭಿಪ್ರಾಯವನ್ನು ಓದಿಹೇಳಿ ಸಂಘವನ್ನು ಬಿಟ್ಟುಹೊರಟರು. ಕೂಡಲೇ ಎದ್ದುಬಂದವರು ಇಪ್ಪತ್ತು ಮಂದಿಯೂ ಇಲ್ಲ. ಆದರೆ ಮೂರು ದಿನಗಳ ಮೇಲೆ ಫೌಂಡರಿಯಲ್ಲಿ ಕೂಡಿದಾಗ ಗಂಡಸರು ಸುಮಾರು 25 ಮಂದಿ ಇದ್ದರು. ಸಂಘದ 50 ಮಂದಿ ಸ್ತ್ರೀಯರಲ್ಲಿಯೋ 47 ಅಥವಾ 48 ಮಂದಿ ಅವರೊಡನೆ ಸೇರಲು ಇಷ್ಟಪಟ್ಟರು. ಮನೆಯಲ್ಲಿ ಮಗುವು ಅಳುತ್ತಿರುವಾಗ ಸುಮ್ಮನೆ ಕುಳಿತಿರುವುದೇ ನಂಬಿಕೆಯೆಂಬ ಬೋಧನೆಯು ಹೆಂಗಸರಿಗೆ ಹಿಡಿಸದೆ ಹೋದದ್ದು ನನಗೆ ಆಶ್ಚರ್ಯವೆಂದು ತೋರುವುದಿಲ್ಲ.

ಫೌಂಡರಿಯಲ್ಲಿ ನಡೆದ ಕೆಲಸಗಳನ್ನು ಹೇಳದೆ ಮುಂದೆ ಹೋಗಬಾರದು. 1746ರಲ್ಲಿ ಬಡವರಿಗೆ ಔಷಧಗಳನ್ನು ಕೊಡಲಾರಂಭಿಸಿದರು. ಐದು ತಿಂಗಳಲ್ಲಿ 500ಕ್ಕೆ ಮಿಕ್ಕ ಮಂದಿ ಪಡೆದರು. ಬಡ್ಡಿಗೆ ಕೊಡುವವರ ಹಿಡಿತದಿಂದ ಸಣ್ಣ ಕಸುಬಿನವರನ್ನು ಬಿಡಿಸಲು 20 ಷಿಲಿಂಗಿನ ತನಕ ಸಾಲ ಕೊಡುವ ನಿಧಿಯನ್ನು ಸ್ಥಾಪಿಸಿದರು. ಮೂರು ತಿಂಗಳೊಳಗೆ ವಾರವಾರ ತೀರಿಸಬೇಕು. ಒಂದು ವರ್ಷದಲ್ಲಿ 250ಕ್ಕೂ ಹೆಚ್ಚು ಮಂದಿಗೆ ಸಹಾಯವಾಯಿತು. ಮುದಿ ವಿಧವೆಯರಿಗಾಗಿ ಮನೆಯೊಂದನ್ನು ಹಿಡಿದರು. ಅಲ್ಲಿ ಒಂಬತ್ತು ಮಂದಿ ವಿಧವೆಯರೂ ಒಬ್ಬ ಕುರುಡಿಯೂ ಇಬ್ಬರು ಬಡಮಕ್ಕಳೂ ಇದ್ದರು. ವೆಸ್ಲಿಯವರೂ ಬೋಧಕರೂ ಲಂಡನ್ನಿನಲ್ಲಿದ್ದಾಗ ಅದೇ ಮೇಜಿನಲ್ಲಿ ಅದೇ ಊಟವನ್ನು ಉಂಡರು. ಆಕ್ಸ್‌ಫರ್ಡಿನಲ್ಲಿ ಕೊಟ್ಟುಕಳುಹಿಸುತ್ತಿದ್ದ ಕೈಯು ಇಲ್ಲಿ ಜೊತೆಯಲ್ಲಿ ಕುಳಿತು ಉಣ್ಣುವ ಕೈಯಾಯಿತೆಂಬುದನ್ನು ಗಮನಿಸಬೇಕು.

ಸಂಘದ ವರ್ಗಗಳು ಹುಟ್ಟಿದ್ದು 1742ರಲ್ಲಿ, ಬ್ರಿಸ್ಟಲ್ಲಿನ ಕಟ್ಟಡದ ಸಾಲವನ್ನು ತೀರಿಸುವ ಯೋಚನೆಯಿಂದ. ತಲೆಗೆ ವಾರಕ್ಕೆ ಒಂದು ಪೆನ್ನಿ. ಹನ್ನೆರಡು ಮಂದಿಗೆ ಒಬ್ಬ ನಾಯಕ. ಕೊಡಲಾರದವರದನ್ನು ನಾಯಕನೇ ತುಂಬಬೇಕು. ಹಣಕ್ಕಾಗಿ ಮನೆಮನೆಗೆ ಹೋದ ನಾಯಕರು ಅಲ್ಲಿಯ ಕಷ್ಟಗಳನ್ನೂ ಕುಡಿತವನ್ನೂ ಜಗಳಗಳನ್ನೂ ಕಂಡುಬಂದರು. ಹೀಗೆ ವಸೂಲಿಯ ಏರ್ಪಾಡು ಆತ್ಮಗಳ ಪರಾಮರಿಕೆಯ ಏರ್ಪಾಡಾಯಿತು. ಈ ವರ್ಗಗಳಿಗೆ ನಾಯಕಿಯರಾದ ಸ್ತ್ರೀಯರೂ ಬಹಳ. ಅನಾಥ ಮಕ್ಕಳಿಗಾಗಿ 1763ರಲ್ಲಿ ಲೇಟನ್‌ಸ್ಟೋನಿನಲ್ಲಿ ಮನೆಯನ್ನು ತೆರೆದ ಮೇರಿ ಬೊಸಾಂಕ್ವೆಟ್ ಎಂಬಾಕೆಯು ಪ್ರಸಂಗಿಸುವುದನ್ನೂ ವೆಸ್ಲಿಯವರು 1771ರಲ್ಲಿ ವಿಶೇಷವಾದ ದೈವಕರೆಯೆಂದು ಒಪ್ಪಿದರು.

ಅವರ ಸಂಸಾರಜೀವನವು ಸುಖಕರವಾಗಿರಲಿಲ್ಲ. 1751ರಲ್ಲಿ ವಿವಾಹವಾದ ವಿಧವೆಯು ಅವರ ಎಡೆಬಿಡದ ಸಂಚಾರವನ್ನು ಸಹಿಸಲಾರದೆ ಹೋದಳು. ಆಕೆಯ ಅಸೂಯೆಯನ್ನು ಕುರಿತು ಬಹಳ ಬರೆದವರು ಗಂಡನ ಕಠಿಣತೆಯನ್ನು ಕುರಿತು ಕಡಿಮೆ ಬರೆದಿರುವರು.

ಎರಡನೆಯ ಪರೀಕ್ಷೆಯು ಮುಪ್ಪಿನಲ್ಲಿ ಬಂದಿತು. ನಂಬಿದವನಿಗೆ ದೇವರ ಆಜ್ಞೆಗಳ ಹಂಗಿಲ್ಲವೆಂದು ಹೇಳಿ ಮನಸ್ಸಿಗೆ ಬಂದಂತೆ ನಡೆಯುವವರು ಹೆಚ್ಚುತ್ತಿರುವುದನ್ನು ಕಂಡು, 1770ರ ಆಗಸ್ಟಿನ ಸಮ್ಮೇಳನದಲ್ಲಿ ವೆಸ್ಲಿಯವರು, ಕ್ರಿಯೆಗಳನ್ನು ರಕ್ಷಣೆಯ ಒಂದು ಷರತ್ತೆಂದು ಹೇಳಲು ನಾವು ಅತಿಯಾಗಿ ಹೆದರಿದ್ದೇವೆಂಬ ಅರ್ಥವುಳ್ಳ ನಿರ್ಣಯಗಳನ್ನು ಬರೆಸಿದರು. ಬರವಣಿಗೆಯು ತೀರ ಚುಟುಕಾಗಿತ್ತು, ಅಜಾಗರೂಕವೂ ಆಗಿತ್ತೆಂದು ಹೇಳದೆ ವಿಧಿಯಿಲ್ಲ. ಹಂಟಿಂಗ್‌ಡನ್ನಿನ ಶ್ರೀಮತಿ ಸೆಲೀನಾ ಪ್ರಭ್ವಿಯವರೂ ಅವರ ಪಕ್ಷದವರೂ ವೆಸ್ಲಿಯು ಕೃಪೆಯನ್ನು ಮಾರಿಬಿಟ್ಟನೆಂದು ಕೂಗಿದರು. ಟಾಪ್ಲೇಡಿ ಪಾದ್ರಿಯು ಬರೆದ ಕಟುವಾದ ಬರಹಗಳಿಗೆ ಲೆಕ್ಕವಿಲ್ಲ. ಮೇಡ್ಲಿಯ ಸಭಾಪಾಲಕರಾದ ಜಾನ್ ಫ್ಲೆಚರರು, ಮುಂದೆ ಮೇರಿ ಬೊಸಾಂಕ್ವೆಟರನ್ನು ವರಿಸಿದವರು, ಸೌಮ್ಯವಾದ ಲೇಖನಗಳಿಂದ ವೆಸ್ಲಿಯವರ ಪಕ್ಷವನ್ನು ಹಿಡಿದರು.

1771ರಲ್ಲಿ ಬ್ರಿಸ್ಟಲ್ ಸಮ್ಮೇಳನವು ಕೂಡಿದಾಗ ಒಂದು ಪ್ರಕಟನೆಗೆ ವೆಸ್ಲಿಯವರೂ 53 ಮಂದಿ ಬೋಧಕರೂ ರುಜುಹಾಕಿದರು. ನಮ್ಮ ಕ್ರಿಯೆಗಳಿಂದ ನೀತಿಯನ್ನು ಸಂಪಾದಿಸುವುದಾಗಲಿ ಕೊಳ್ಳುವುದಾಗಲಿ ಮೊದಲಿಂದ ಕಡೆಯವರೆಗೆ ಸ್ವಲ್ಪವೂ ಇಲ್ಲ, ಕ್ರಿಸ್ತನ ಪುಣ್ಯವೊಂದೇ ಆಧಾರವೆಂದು ಅದರಲ್ಲಿ ಒಪ್ಪಿಕೊಂಡರು. ಆದರೆ ಸಮಯವೂ ಸಂದರ್ಭವೂ ಇದ್ದು ಸತ್ಕ್ರಿಯೆಗಳನ್ನು ಮಾಡದವನು ನಿಜವಾದ ವಿಶ್ವಾಸಿಯೇ ಅಲ್ಲವೆಂದೂ ಸೇರಿಸಿದರು. ಸಮಯವೂ ಸಂದರ್ಭವೂ ಎಂಬ ಮಾತುಗಳನ್ನು ಓದುವಾಗಲೆಲ್ಲಾ 1738ರ ಆ ಸೆರೆಮನೆಯ ಕೈದಿಯು ನನ್ನ ಕಣ್ಣಮುಂದೆ ಬರುವನು. ಅವನಿಗೆ ಸಮಯವಿರಲಿಲ್ಲ, ಆದುದರಿಂದ ಅವನಿಂದ ಏನನ್ನೂ ಕೇಳುವಂತಿಲ್ಲ. ನಾಳೆಯ ದಿನವೂ ಬದುಕಿ ಎದ್ದು, ಬಾಗಿಲಲ್ಲಿ ಚಳಿಗೆ ನಡುಗುವವಳನ್ನು ಕಾಣತಕ್ಕ ಮಿಕ್ಕವರ ಮಾತು ಬೇರೆ.

ಗುಲಾಮರ ವ್ಯಾಪಾರವನ್ನು ಖಂಡಿಸಿ 1774ರಲ್ಲಿ ಅವರು ಒಂದು ಪುಸ್ತಿಕೆಯನ್ನು ಅಚ್ಚುಹಾಕಿಸಿದರು. 1776ರಲ್ಲಿ ಬೆಳ್ಳಿಯ ಪಾತ್ರೆಗಳಿಗೆ ತೆರಿಗೆಯ ಲೆಕ್ಕ ಕೇಳಿ ಸರ್ಕಾರದವರು ಬರೆದಾಗ, ಲಂಡನ್ನಿನಲ್ಲಿ ಎರಡು, ಬ್ರಿಸ್ಟಲ್ಲಿನಲ್ಲಿ ಎರಡು ಬೆಳ್ಳಿಯ ಚಮಚೆಗಳಿವೆಯೆಂದೂ, ಸುತ್ತಲೂ ಇಷ್ಟು ಮಂದಿ ರೊಟ್ಟಿಯಿಲ್ಲದಿರುವಾಗ ಇನ್ನು ಕೊಳ್ಳುವುದಿಲ್ಲವೆಂದೂ ಉತ್ತರಕೊಟ್ಟರು. ಪುಸ್ತಕಗಳಿಂದ ಬಂದ ಹಣವು ಸಾವಿರಾರು ಪೌಂಡು. ಅದು ಬಂದಂತೆಯೇ ಹೋಯಿತು.

1783ರಲ್ಲಿ ಬ್ರಿಸ್ಟಲ್ಲಿನಲ್ಲಿ ಕಠಿಣವಾದ ಕಾಯಿಲೆ ಬಿದ್ದು ಮರಣವು ಸಮೀಪಿಸಿತೆಂದು ಎಣಿಸಿದಾಗ, ಅವರು ತಮ್ಮ ಜೊತೆಗಾರನೊಡನೆ ಮನಸ್ಸನ್ನು ಬಿಚ್ಚಿ ಮಾತನಾಡಿದರು. ಐವತ್ತು ಅರುವತ್ತು ವರ್ಷಗಳ ಕಾಲ ಜನರಿಗೆ ಸ್ವಲ್ಪ ಒಳ್ಳೆಯದನ್ನು ಮಾಡಲು ಅಲೆದೆನು. ಈಗ ಹಿಂದಿರುಗಿ ನೋಡಿದರೆ ದೇವರ ಮುಂದೆ ಹಿಡಿದು ತೋರಿಸತಕ್ಕದ್ದು ಒಂದೂ ಕಾಣದು. ಪಾಪಿಗಳಲ್ಲಿ ಮುಖ್ಯನಾದ ನನಗೋಸ್ಕರ ಯೇಸು ಸತ್ತನೆಂಬುದೇ ನನಗೆ ಉಳಿದಿರುವ ವಾದವೆಂದು ಅವರ ಮಾತಿನ ಸಾರಾಂಶ. ಆದರೆ ಅವರು ಗುಣಹೊಂದಿ ಎದ್ದರು. 1785ರ ಜನವರಿಯಲ್ಲಿ, ತಮ್ಮ 81ನೆಯ ವಯಸ್ಸಿನಲ್ಲಿ, ಸಂಘದ ಬಡವರಿಗೆ ಬಟ್ಟೆಗಳು ಬೇಕಾಗಿವೆಯೆಂದು ಲಂಡನ್ನಿನ ಬೀದಿಗಳಲ್ಲಿ ಮನೆಯಿಂದ ಮನೆಗೆ ನಡೆದು 200 ಪೌಂಡುಗಳನ್ನು ಬೇಡಿ ಕೂಡಿಸಿದರು. ಬೀದಿಗಳಲ್ಲಿ ಕರಗುತ್ತಿದ್ದ ಹಿಮವು ಪಾದದ ಗಂಟಿನ ತನಕ ನಿಂತಿತ್ತು. ಬೆಳಗಿನಿಂದ ಸಂಜೆಯವರೆಗೆ ಕಾಲುಗಳು ಆ ಹಿಮದ ನೀರಿನಲ್ಲಿಯೇ ಇದ್ದವು. ಅದರಿಂದ ಅತಿಸಾರವಾಗಿ ಹಾಸಿಗೆ ಹಿಡಿದರು.

1791ರ ಮಾರ್ಚ್ 2ರಂದು, 87ನೆಯ ವಯಸ್ಸಿನಲ್ಲಿ, ಲಂಡನ್ನಿನ ಸಿಟಿ ರೋಡಿನ ತಮ್ಮ ಮನೆಯಲ್ಲಿ ಅವರು ತೀರಿಕೊಂಡರು. ತಮ್ಮ ಶವಕ್ಕೆ ಕುದುರೆಗಾಡಿಯೂ ಆಡಂಬರವೂ ಬೇಡವೆಂದು ಉಯಿಲಿನಲ್ಲಿ ಬರೆದಿದ್ದರು. ಶವಪೆಟ್ಟಿಗೆಯನ್ನು ಆರು ಮಂದಿ ಬಡವರು ಹೊರಬೇಕು. ಅವರಿಗೆ ತಲೆಗೆ 20 ಷಿಲಿಂಗು ಕೊಡಬೇಕು. ಹಾಗೆಯೇ ನಡೆಯಿತು.